ಹಕಾರ ತಪ್ಪಿದ ಹತ್ತಿ

ಸಣ್ಣಸ್ವಾಮಿಯ ಬಾಯಲ್ಲಿ 'ಹ' ಎಂಬ ಅಕ್ಷರ ನಿಲ್ಲುತ್ತಿರಲಿಲ್ಲ. ಇದು ಅವನೊಬ್ಬನ ದೋಷವಲ್ಲ. ಹಾರಂಗಿ ನಾಲೆಯ ಕೆಳಗಿನ ಆ ಪಾಳ್ಯದಲ್ಲಿ ಹುಟ್ಟಿದವರಿಗೆಲ್ಲ ಹಾಲು ಆಲು, ಹಸು ಅಸು, ಹೆಂಡತಿ ಎಂಡ್ತಿ. ಅಣೆಕಟ್ಟು ಕಟ್ಟಿದ ಕಾಲಕ್ಕೆ ಅವರ ಅಪ್ಪಂದಿರು ಮೈಸೂರು, ಹಾಸನದ ಕಡೆಯಿಂದ ಪಾತ್ರೆ ಪಡಗ, ದನಕರು, ಬೀಸುವ ಕಲ್ಲು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಬಂದಿದ್ದರು. ಹಕಾರ ಮಾತ್ರ ಲಾರಿ ಹತ್ತಿರಲಿಲ್ಲ. ಅದಿಲ್ಲದೆಯೇ ಐವತ್ತು ವರ್ಷ ಉಂಡುಟ್ಟು ಸುಖವಾಗಿದ್ದರು. ಮಾದರಿ ರೈತನೆಂದು ಕರೆಸಿಕೊಳ್ಳುವ ಚಪಲ ಹತ್ತಿಕೊಳ್ಳದಿದ್ದರೆ ಸಣ್ಣಸ್ವಾಮಿಯೂ ಹಾಗೇ ಇದ್ದುಬಿಡುತ್ತಿದ್ದ.

ಪಾಳ್ಯದ ಸುತ್ತಮುತ್ತ ಎಲ್ಲರೂ ಶುಂಠಿ, ಮುಸುಕಿನ ಜೋಳ ಬೆಳೆಯುವವರು. ಶುಂಠಿ ಎರಡು ವರ್ಷ ಕೊಳೆತ ಮೇಲೆ ಸಣ್ಣಸ್ವಾಮಿ ನಾಲೆ ಪಕ್ಕದ ಎರಡೆಕರೆಗೆ ಹತ್ತಿ ಹಾಕಿದ. ಹಾಕಿದೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ನಿಜವಾಗಿ ಹಾಕಿಸಿದವಳು ಅವನ ಅತ್ತೆ ರಂಗಮ್ಮ. ಹೆಂಡತಿಯ ತಾಯಿಯೂ ಅವಳೇ, ಅಪ್ಪನ ತಂಗಿಯೂ ಅವಳೇ. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಕೋಟೆ ತಾಲೂಕಿನ ಹತ್ತಿ ಸೀಮೆಗೆ ಸೊಸೆಯಾಗಿ ಹೋಗಿ ನಲವತ್ತು ವರ್ಷ ಹತ್ತಿ ಸಾಲುಗಳ ನಡುವೆಯೇ ಬಗ್ಗಿದ್ದವಳು ಈಗ ಮಗಳ ಮನೆಯಲ್ಲಿದ್ದಳು.

ಮೊದಲ ವರ್ಷ ಅತ್ತೆಯ ಮಾತು ಕೇಳದೆ ಸಣ್ಣಸ್ವಾಮಿ ಕಳೆನಾಶಕ ತಂದು ಹೊಡೆದ. ಕಳೆ ಒಂದು ವಾರ ಬಾಡಿ ಮಲಗಿ ಮತ್ತೆ ಎದ್ದಿತು. ಎಲೆ ಮುದುಡಿದ ಹತ್ತಿ ಮಾತ್ರ ಏಳಲಿಲ್ಲ. ಎರಡನೇ ವರ್ಷ ರಂಗಮ್ಮ ಅವನನ್ನು ಕೇಳಲೂ ಇಲ್ಲ. ಮೊದಲ ಮಳೆಗೆ ಕಳೆಯೆಲ್ಲ ಹುಟ್ಟಲು ಬಿಟ್ಟು, ಹುಟ್ಟಿದ್ದನ್ನು ಕುಂಟೆ ಹೊಡೆಸಿ ಮಣ್ಣುಪಾಲು ಮಾಡಿ, ಆಮೇಲೆ ಬೀಜ ಊರಿಸಿದಳು. ಸಾಲಿನ ನಡುವೆ ಅಲಸಂದೆ ಹಾಕಿಸಿದಳು, ನೆಲ ಬರಿದಾಗಿದ್ದರಲ್ಲವೇ ಕಳೆಗೆ ಜಾಗ! ಅಷ್ಟಾದರೂ ತಲೆಯೆತ್ತಿದ್ದನ್ನು ಹೂ ಬಿಡುವ ಮುಂಚೆ ಕಿತ್ತು, ಬೇರು ಮೇಲಾಗಿ ಅಲ್ಲೇ ಹಾಸಿ, ಮೇಲೆ ಒಣಹುಲ್ಲು ಮುಚ್ಚುತ್ತಿದ್ದಳು. ತಿನ್ನುವಂಥ ಅಣ್ಣೆ, ಗಣಿಕೆ ಸೊಪ್ಪು ಮಡಿಲಿಗೆ ಬಿದ್ದು ಸಂಜೆ ಸಾರಾಗುತ್ತಿದ್ದವು. "ಅರವತ್ ದಿನ ಕಳೆ ಮುಟ್ಟದಂಗೆ ಕಾದ್ರೆ ಸಾಕು. ಆಮ್ಯಾಲೆ ಗಿಡವೇ ನೆಳ್ಳು ಮಾಡ್ಕೊಂಡು ಕಳೇನ ಅಡಗಿಸ್ತದೆ" ಎನ್ನುವುದು ಅವಳ ಲೆಕ್ಕ. ಈ ಅರವತ್ತು ದಿನಗಳಲ್ಲಿ ಸಣ್ಣಸ್ವಾಮಿಯ ಪಾಲಿನ ಕೆಲಸವೆಂದರೆ ನಾಲೆ ಏರಿಯ ಹೊಂಗೆ ಮರದಡಿ ಫೋನು ಹಿಡಿದು ಕೂತು, ಹೊಲ ಎಷ್ಟು ಚೆನ್ನಾಗಿದೆ ಎಂದು ಮೆಚ್ಚಿಕೊಳ್ಳುವುದು.

ಹಾಗೆ ಮೆಚ್ಚಿಕೊಳ್ಳುತ್ತಿದ್ದಾಗಲೇ ಆ ಸಂದೇಶ ಬಂತು. 'ಹಸಿರು ನೆಲ ರೈತ ಬಳಗ' ಎಂಬ ವಾಟ್ಸಾಪ್ ಗುಂಪಿನ ಸಂಚಾಲಕಿ ರಶ್ಮಿತಾ ಮೇಡಂ, ವಿಷವಿಲ್ಲದೆ ಕಳೆ ನಿರ್ವಹಣೆ ಮಾಡುತ್ತಿರುವ ರೈತರು ತಮ್ಮ ಪದ್ಧತಿಯನ್ನು ಧ್ವನಿಮುದ್ರಿಸಿ ಕಳಿಸಬೇಕೆಂದು ಕೇಳಿದ್ದಳು. ಒಬ್ಬರ ಹೊಲದಲ್ಲಿ ಕ್ಷೇತ್ರೋತ್ಸವ, ಶಾಲು, ಪೇಟ, ಮಾದರಿ ರೈತ ಎಂಬ ಫಲಕ. ಸಣ್ಣಸ್ವಾಮಿ ಕೂತಲ್ಲೇ ಒಮ್ಮೆ ತಲೆ ಸವರಿಕೊಂಡು ಪೇಟದ ಅಳತೆ ನೋಡಿಕೊಂಡ.

ಪಿಯುಸಿ ಓದುತ್ತಿದ್ದ ಮಗಳು ಧನುಶ್ರೀ, "ಅಪ್ಪಾ, ದೊಡ್ಡ ದೊಡ್ಡ ಪ್ಲಾಂಟರುಗಳೆಲ್ಲ ಇರ್ತಾರೆ, ಹ ಸರಿಯಾಗಿ ಅನ್ನು" ಎಂದು ಎರಡು ದಿನ ಪಾಠ ಮಾಡಿದಳು. ಪಾಠ ಚೆನ್ನಾಗಿಯೇ ಹತ್ತಿತು. ಹತ್ತಬಾರದ ಕಡೆ ಹತ್ತಿತು ಅಷ್ಟೆ. ಹೊಂಗೆ ಮರದಡಿ ನಿಂತು ಗಂಟಲು ಸರಿಮಾಡಿಕೊಂಡ ಸಣ್ಣಸ್ವಾಮಿ, "ಹೆಲ್ಲರಿಗೂ ನಮಸ್ಕಾರ, ನನ್ನ ಹನುಭವ ಹೇನು ಹೆಂದರೆ" ಎಂದು ಶುರುಮಾಡಿ, ಕೂಡಿಟ್ಟಿದ್ದ ಹಕಾರವನ್ನೆಲ್ಲ ಊರು, ಹೆಸರು, ಅಪ್ಪನ ಹೆಸರು ಹೇಳುವಷ್ಟರಲ್ಲಿ ಖರ್ಚು ಮಾಡಿಬಿಟ್ಟ. ಅಷ್ಟರಲ್ಲಿ ಬೆರಳು ಜಾರಿತು. ಆ ಅರ್ಧ ಬಳಗಕ್ಕೆ ಹೋಯಿತು. ಅವಸರದಲ್ಲಿ ಮತ್ತೆ ಒತ್ತಿ ಉಳಿದರ್ಧ ಹೇಳಿದ. ಅದು ಹೋದದ್ದು ಕೆಳಗಿದ್ದ ಇನ್ನೊಂದು ಗುಂಪಿಗೆ: ಮಾದಾಪುರದಿಂದ ಮಾಕುಟ್ಟದವರೆಗಿನ ಒಂಬೈನೂರು ಜನ ಆನೆ ಬಂತು, ಬಸ್ ತಪ್ಪಿತು, ಕರೆಂಟು ಹೋಯಿತು ಎಂದು ಸುದ್ದಿ ಹಂಚಿಕೊಳ್ಳುವ 'ನಮ್ಮ ಜಿಲ್ಲೆ ಬಿಸಿಬಿಸಿ'.

ಆ ಒಂಬೈನೂರು ಜನರ ಕಿವಿಗೆ ಬಿದ್ದದ್ದು ಇದು:

"ಅತ್ತಿಗೆ ಕಳೆ ಬರಕ್ಕೆ ಬುಡಬಾರ್ದು. ಮೊದ್ಲ ಅರವತ್ ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಯ್ಬೇಕು. ಓದ್ ವರ್ಸ ಎಲ್ರೂ ಮಾಡ್ತಾರೆ ಅಂತ ಅತ್ತಿಗೆ ಇಸ ಒಡ್ದಿದ್ದೆ. ಒಂದ್ ವಾರ ಬಾಡ್ಕೊಂಡು ಮಲೀಕೊಂತು, ಆಮ್ಯಾಲೆ ಮತ್ತೆ ಎದ್ ಕೂತ್ಕೊಂತು. ಈ ವರ್ಸ ಇಸ ಬ್ಯಾಡ ಅಂತ ತೀರ್ಮಾನ ಮಾಡಿವ್ನಿ. ಒಣವುಲ್ಲು ದಪ್ಪಗೆ ಮುಚ್ಬುಡೋದು. ಉಸ್ರಾಡಕ್ಕೆ ಜಾಗ ಕೊಡಂಗಿಲ್ಲ. ಅಲ್ಲೇ ಕೊಳ್ತು ಗೊಬ್ರ ಆಯ್ತದೆ. ಪರಿಸರಕ್ಕೂ ಒಳ್ಳೇದು. ಇದು ನನ್ನ ಸ್ವಂತ ಪದ್ಧತಿ. ನೀವೂ ನಿಮ್ನಿಮ್ ಮನೇಲಿ ಮಾಡಿ, ಪಲ ಕಾಣಿ."

ಕಾಫಿ, ಮೆಣಸು, ಏಲಕ್ಕಿಯ ಜಿಲ್ಲೆಯಲ್ಲಿ ಹತ್ತಿ ಎಂದರೆ ದೀಪದ ಬತ್ತಿ. ಅದಕ್ಕೆ ಯಾರೂ ವಿಷ ಹೊಡೆಯುವುದಿಲ್ಲ. ಹಾಗಾಗಿ ಒಂಬೈನೂರು ಜನರಲ್ಲಿ ಒಬ್ಬರಿಗೂ ಹತ್ತಿ ನೆನಪಾಗಲಿಲ್ಲ. ಅತ್ತಿಗೆ ಎಂದದ್ದು ಅತ್ತೆಗೆ ಎಂದೇ ಕೇಳಿಸಿ, ಅತ್ತೆ ಎಲ್ಲರಿಗೂ ನೆನಪಾದಳು. ಅವಳ ಮುಖದಲ್ಲಿ ಒಂದಿಷ್ಟು ಕಳೆ ಕಂಡರೂ ಸಹಿಸದ ಅಳಿಯನೊಬ್ಬ ಹಾರಂಗಿ ಬದಿಯಲ್ಲಿ ಇದ್ದಾನೆಂದು ಜಿಲ್ಲೆಗೆ ಜಿಲ್ಲೆಯೇ ನಂಬಿತು. ಬಾಡಿ ಮಲಗಿದ್ದು, ಎದ್ದು ಕೂತದ್ದು ಎಂಬ ಮಾತೂ ಯಾರನ್ನೂ ತಡೆಯಲಿಲ್ಲ. ಆ ಕಡೆಯವರು ಹೆಂಗಸರನ್ನೂ 'ಬಂತು, ಹೋಯ್ತು' ಎನ್ನುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ಮಾರನೆಯ ಬೆಳಿಗ್ಗೆ ಮೊದಲ ಫೋನು ಬಂತು. "ಸಣ್ಣಸ್ವಾಮಿ ಅಲ್ವಾ? ನಾನು ಮಾದಾಪುರದಿಂದ ಬೆಳ್ಳಿಯಪ್ಪ. ನಿಮ್ಮ ವಾಯ್ಸ್ ಕೇಳಿದೆ."

ಬೆಳ್ಳಿಯಪ್ಪನೆಂದರೆ ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದು ಕಾಫಿ ತೋಟ ನೋಡಿಕೊಳ್ಳುತ್ತಿದ್ದ ಹಿರಿಯರು. ಅಂಥವರೇ ಫೋನು ಮಾಡಿದರೆಂದು ಸಣ್ಣಸ್ವಾಮಿ ಎದ್ದು ನಿಂತ.

"ಇಷ್ಟ ಆಯ್ತಾ ಸಾರ್?"

"ಇಷ್ಟ ಎಂತದ್ದು ಮಾರಾಯ್ರೆ! ಎಷ್ಟು ಸಮಯದಿಂದ ನಡೀತಾ ಉಂಟು ಇದು?"

"ಇದು ಎರಡನೇ ವರ್ಸ ಸಾರ್."

"ಈಗ ಎಲ್ಲಿ ಇಟ್ಟಿದ್ದೀರಿ?"

"ಎಲ್ಲಿ ಅಂದ್ರೆ, ಒಲ್ದಲ್ಲೇ. ನಾಲೆ ಪಕ್ಕ."

"ಈ ಮಳೆಯಲ್ಲಿ?"

"ಮಳೇಲಿ ನೆನೀಲೇಬೇಕು ಸಾರ್. ನೀರು ಮಾತ್ರ ನಿಲ್ಬಾರ್ದು, ಬುಡ ಕೊಳೀತದೆ."

"ಊಟಕ್ಕೆ ಎಂತ ಕೊಡುದು?"

ತೋಟದವರು ಗೊಬ್ಬರಕ್ಕೆ ಹಾಗೆನ್ನುತ್ತಾರೇನೋ ಎಂದುಕೊಂಡ ಸಣ್ಣಸ್ವಾಮಿ, "ಕೊಟ್ಗೆ ಗೊಬ್ರ ಸಾರ್, ತಿಂಗ್ಳಿಗೊಂದ್ ಸಲ" ಎಂದ.

"ನಿಮ್ಮ ಹೆಂಡತಿಗೆ ಇದೆಲ್ಲ ಗೊತ್ತುಂಟಾ?"

"ಗೊತ್ತಿಲ್ದೆ ಏನು? ಅವ್ಳೂ ಬೆಳಿಗ್ಗೆ ಒಂದ್ ಗಂಟೆ ಬಂದು ಕೈಲಾದಷ್ಟು ಕಿತ್ತಾಕ್ತಾಳೆ."

"ನೀನು ಮನುಷ್ಯನಾ?" ಎಂದು ಬೆಳ್ಳಿಯಪ್ಪ ಗುಡುಗಿದರು.

"ಇಲ್ಲ ಸಾರ್, ಸಣ್ಣ ಇಡುವಳಿದಾರ" ಎಂದ ಸಣ್ಣಸ್ವಾಮಿ ವಿನಯದಿಂದ. ಫೋನು ಇಟ್ಟ ಸದ್ದು ಕೇಳಿಸಿತು. ದೊಡ್ಡವರಿಗೆ ಸಮಯ ಕಡಿಮೆ ಎಂದುಕೊಂಡು ಅವನು ಕಾಫಿಗೆ ಒಳಗೆ ಹೋದ.

ಆ ದಿನ ಮಧ್ಯಾಹ್ನ ಬೀಟ್ ಪೇದೆ ರಾಜು ಬೈಕಿನಲ್ಲಿ ಬಂದಿಳಿದ. ಬಂದವನು ನೇರ, "ಅತ್ತೆ ಎಲ್ಲಿ?" ಎಂದ. ಸಣ್ಣಸ್ವಾಮಿಗೆ ಅದು ಅತ್ತಿ ಎಂದೇ ಕೇಳಿಸಿತು. ಪೊಲೀಸರೂ ನೋಡಲು ಬಂದರಲ್ಲ ಎಂದು ಉಬ್ಬಿಹೋಗಿ, "ಬನ್ನಿ ಸಾರ್, ಈ ಸಲ ಬಾಳ ಚೆನ್ನಾಗಿ ಬಂದದೆ, ಗೇಣುದ್ದ ಆಗದೆ" ಎಂದು ಹೊಲಕ್ಕೆ ಕರೆದುಕೊಂಡು ಹೋದ. ಪೇದೆ ಈ ಅಳತೆಯ ಅರ್ಥವೇನೆಂದು ದಾರಿಯುದ್ದಕ್ಕೂ ಯೋಚಿಸಿದ.

ರಂಗಮ್ಮ ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಸೋತಿದ್ದಳು. ತುಂತುರು ಮಳೆಗೆ ಗೋಣಿಕೊಪ್ಪೆ ಹೊದ್ದು, ಹೊದಿಕೆಗೆಂದು ತಂದಿದ್ದ ಒಣಹುಲ್ಲಿನ ಗುಡ್ಡೆಗೆ ಒರಗಿ, ಕಾಲ ಮೇಲೂ ಒಂದಿಷ್ಟು ಹುಲ್ಲು ಎಳೆದುಕೊಂಡು ನಿದ್ದೆ ಹೋಗಿದ್ದಳು. ರಾಜುವಿಗೆ ಕಂಡದ್ದು ಹುಲ್ಲಿನ ಗುಡ್ಡೆ ಮತ್ತು ಅದರಿಂದ ಆಚೆ ಬಂದಿದ್ದ ಎರಡು ಪಾದ. ಅವನು ಸೀಟಿ ಊದಿದ. ಪಾದಗಳು ಒಳಕ್ಕೆ ಹೋಗಿ ಆ ಜಾಗದಲ್ಲಿ ರಂಗಮ್ಮನ ತಲೆ ಬಂತು.

"ಅಜ್ಜೀ, ಹೆದರ್ಬೇಡಿ. ನಾನಿದ್ದೇನೆ. ಇಲ್ಲಿ ನಿಮಗೆ ಏನು ತೊಂದರೆ, ಧೈರ್ಯವಾಗಿ ಹೇಳಿ."

ಯಾರೂ ಈವರೆಗೆ ರಂಗಮ್ಮನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಯೋಚಿಸಿದಳು. "ತೊಂದ್ರೆ ಇನ್ನೇನಪ್ಪ? ವತ್ತಾರೆ ಬಗ್ಗಿದ್ರೆ ಒತ್ತು ಮುಳುಗಗಂಟ ಸೊಂಟ ಎತ್ತಂಗಿಲ್ಲ. ಇವ್ನು ಅಲ್ಲಿ ಮರದ ಕೆಳಗೆ ಕೂತ್ಕೊಂಡು ನೋಡ್ತಾ ಇರ್ತಾನೆ."

ರಾಜು ಪುಸ್ತಕ ತೆಗೆದ. ಸಣ್ಣಸ್ವಾಮಿ ಅಲ್ಲಿಂದ ಮುಂದೆ ಅರ್ಧ ಗಂಟೆ ಅತ್ತಿ ಎಂದ, ರಾಜು ಅತ್ತೆ ಎಂದು ಬರೆದ. ಕೊನೆಗೆ ಓದಿ ಹೇಳಿದ ಮುಚ್ಚಳಿಕೆಯಲ್ಲಿ, 'ಕಳೆದ ಸಾಲಿನಲ್ಲಿ ಅತ್ತೆಗೆ ವಿಷ ಸಿಂಪಡಿಸಿದ್ದು ನಿಜವೆಂದೂ, ಅದರಿಂದ ನಿರೀಕ್ಷಿತ ಫಲಿತಾಂಶ ಬಾರದ ಕಾರಣ ಈ ಸಾಲಿನಲ್ಲಿ ಸಿಂಪಡಿಸುವುದಿಲ್ಲವೆಂದೂ ಒಪ್ಪಿಕೊಂಡಿರುತ್ತಾರೆ' ಎಂದಿತ್ತು. ರುಜು ಮಾಡದಿದ್ದರೆ ಜೀಪು ಬರುತ್ತದೆ ಎಂದಾಗ ಸಣ್ಣಸ್ವಾಮಿ ರುಜು ಮಾಡಿದ.

ಆಗ ಅವನಿಗೆ ಅನಾಹುತ ಹೊಳೆಯಿತು. ಆ ಸಂದೇಶ ಹುಡುಕಿ ಅಳಿಸಿದ. ಅಳಿದದ್ದು ಅವನೊಬ್ಬನ ಫೋನಿನಲ್ಲಿ. ಉಳಿದವರೆಲ್ಲರ ಫೋನಿನಲ್ಲಿ ಅದು ಭದ್ರವಾಗಿತ್ತು. 'ಅತ್ತೆಯನ್ನು ಹುಲ್ಲಿನಲ್ಲಿ ಮುಚ್ಚುವ ಅಳಿಯ' ಎಂಬ ತಲೆಬರಹ ಹೊತ್ತು ಅದು ಅಷ್ಟರಲ್ಲಿ ಪಿರಿಯಾಪಟ್ಟಣ ದಾಟಿ ಹುಣಸೂರಿನಲ್ಲಿ ಇಳಿದು ಕೋಟೆಯ ಬಸ್ಸು ಹತ್ತಿತ್ತು. ಪಾಳ್ಯದವರಿಗಾದರೂ ಅದು ಹತ್ತಿಯೆಂದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಗೊತ್ತಿದೆಯೆಂದು ಒಪ್ಪಿಕೊಂಡರೆ ಮಾತಾಡಲು ಏನು ಉಳಿಯುತ್ತದೆ? ಅವರು ಅಂಗಡಿಕಟ್ಟೆಯಲ್ಲಿ ಕೂತು, "ಆ ಮುದುಕಿ ಮೊಕದಲ್ಲಿ ಮೊದ್ಲು ಎಂಥಾ ಕಳೆ ಇತ್ತು!" ಎಂದು ಲೊಚಗುಟ್ಟಿದರು.

ಬಿತ್ತಿದ ಇಪ್ಪತ್ತೆಂಟನೇ ದಿನ ರಂಗಮ್ಮನ ಮಗ ಮಹೇಶ ಜೀಪು ಮಾಡಿಕೊಂಡು ಬಂದ. ಜೊತೆಗೆ ಇಬ್ಬರು ಹಿರಿಯರು. ಮಹೇಶನೂ ಹತ್ತಿ ಬೆಳೆಯುವವನೇ, ಹಕಾರವಿಲ್ಲದವನೇ. ಅವನಿಗಾದರೂ ಅರ್ಥವಾಗಬೇಕಿತ್ತು. ಆದರೆ ಅವನ ಎರಡೂವರೆ ಎಕರೆಯಲ್ಲೂ ಕಳೆ ಏಳುತ್ತಿತ್ತು, ಕೋಟೆಯಲ್ಲಿ ಆ ವರ್ಷ ಆಳು ಸಿಗುತ್ತಿರಲಿಲ್ಲ. ಅರ್ಥವಾದರೆ ಅವನಿಗೆ ನಷ್ಟವಿತ್ತು.

"ಬಾವ, ನಮ್ಮವ್ವ ನಿನಗೇನು ಅನ್ಯಾಯ ಮಾಡಿತ್ತು?" ಎಂದು ಅಂಗಳದಲ್ಲೇ ಶುರುಮಾಡಿದ. ಫೋನು ತೆಗೆದು ಗಟ್ಟಿಯಾಗಿ ಹಾಕಿದ. 'ಉಸ್ರಾಡಕ್ಕೆ ಜಾಗ ಕೊಡಂಗಿಲ್ಲ' ಎಂಬಲ್ಲಿ ಹಿರಿಯರಿಬ್ಬರೂ ಟವಲಿನಿಂದ ಕಣ್ಣೊತ್ತಿಕೊಂಡರು.

"ಲೋ ಮಹೇಸ, ಅದು ಅತ್ತೆ ಅಲ್ಲ ಕಣೋ, ಅತ್ತಿ!"

"ನಾನೂ ಅದನ್ನೇ ಏಳ್ತಿರೋದು, ಅತ್ತೆ ಅಂತ!"

"ಅತ್ತಿ ಕಣೋ! ಅ… ಹ… ಹತ್ತೆ!" ಎಂದ ಸಣ್ಣಸ್ವಾಮಿ. ಬೇಕಾದ ಹಕಾರ ಕೊನೆಗೂ ಬಂತು, ಬೇಡದ ಮಾತಿನ ಮೇಲೆ ಬಂದು ಕೂತಿತು.

"ಅದು ಹತ್ತಿ ಮಾಮ, ಕಾಟನ್ನು!" ಎಂದು ಧನುಶ್ರೀ ಹಣೆ ಚಚ್ಚಿಕೊಂಡಳು.

"ನೀನು ನಿಮ್ಮಪ್ಪನ ಕಡೆ. ನೀನು ಸುಮ್ಕಿರು."

ಹೆಂಡತಿ ಪ್ರೇಮಾವತಿಯ ಕಡೆ ತಿರುಗಿದ ಸಣ್ಣಸ್ವಾಮಿ, "ನೀನಾದ್ರೂ ಏಳೇ" ಎಂದು ಬೇಡಿಕೊಂಡ. ಪ್ರೇಮಾವತಿ ಅವನನ್ನು ನೋಡಿದಳು, ಅವ್ವನನ್ನು ನೋಡಿದಳು, ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಅಡುಗೆ ಮನೆಯಲ್ಲಿ ಪಾತ್ರೆಯೊಂದು ಜೋರಾಗಿ ಬಿತ್ತು.

ಅಷ್ಟರಲ್ಲಿ ಜಗಲಿಯ ಮೇಲೆ ಕೂತಿದ್ದ ರಂಗಮ್ಮ, "ಎಲ್ರೂ ಕೇಳಿರೋದು ಅದೇನಾ? ನಂಗೂ ಒಸಿ ಆಕು ಮಹೇಸ" ಎಂದಳು. ಸಣ್ಣಸ್ವಾಮಿಗೆ ಹೋದ ಜೀವ ಬಂದಂತಾಯಿತು. ಇಡೀ ಜಿಲ್ಲೆಗೆ ತಿಳಿಯದಿದ್ದರೂ ಹತ್ತಿಯೆಂದರೆ ಏನೆಂದು ಈ ಹೆಂಗಸಿಗೆ ತಿಳಿಯುತ್ತದೆ, ಒಂದು ಮಾತು ಹೇಳಿ ತನ್ನನ್ನು ಬಿಡಿಸುತ್ತಾಳೆ. ರಂಗಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಗಲ್ಲಕ್ಕೆ ಕೊಟ್ಟು, ಕೊನೆಯವರೆಗೂ ಕೇಳಿದಳು.

"ಇಷ್ಟೇನಾ? ಮುಗೀತಾ?"

"ಮುಗೀತವ್ವ."

"ಇನ್ನೊಂದ್ಸಲ ಆಕು."

ಎರಡನೇ ಸಲವೂ ಕೇಳಿದಳು. ಅಳಿಯನ ಮುಖವನ್ನು ಒಂದು ಗಳಿಗೆ ನೋಡಿದಳು. "ಗಾಡಿ ತಿರುಗಿಸ್ಕೊ ಮಹೇಸ, ಬಟ್ಟೆ ತಕ್ಕೊಂಡ್ ಬತ್ತೀನಿ" ಎಂದು ಒಳಗೆ ಹೋಗಿ, ಒಂದು ಗಂಟು ಮತ್ತು ತನ್ನ ಸಣ್ಣ ಕುಡುಗೋಲು ಹಿಡಿದು ಬಂದು ಜೀಪು ಹತ್ತಿದಳು. ಆ ಕುಡುಗೋಲನ್ನಾದರೂ ಬಿಟ್ಟುಹೋಗಿ ಎಂದು ಕೇಳಲು ಸಣ್ಣಸ್ವಾಮಿಗೆ ಬಾಯಿ ಬರಲಿಲ್ಲ.

ಅದೇ ಸಂಜೆ ರಶ್ಮಿತಾ ಮೇಡಂ ಕಡೆಯಿಂದ ಸಂದೇಶ ಬಂತು. ಬಳಗಕ್ಕೆ ಬಂದ ಏಕೈಕ ಧ್ವನಿ ಸಣ್ಣಸ್ವಾಮಿಯದು. ಅದರಲ್ಲಿ ಹೆಸರು, ಊರು, ಅಪ್ಪನ ಹೆಸರು ಬಿಟ್ಟು ಏನೂ ಇರಲಿಲ್ಲವಾದರೂ ಬೇರೆ ಯಾರೂ ಕಳಿಸದ ಕಾರಣ ಅರವತ್ತನೇ ದಿನದ 'ವಿಷರಹಿತ ಕಳೆ ನಿರ್ವಹಣೆ ಕ್ಷೇತ್ರೋತ್ಸವ' ಅವನ ಹೊಲದಲ್ಲೇ ಎಂದು ತೀರ್ಮಾನವಾಗಿತ್ತು. ಎರಡು ವಾರ ಹಿಂದೆ ಈ ಸುದ್ದಿಗೆ ಅವನು ಪಾಳ್ಯಕ್ಕೆಲ್ಲ ಕಾಫಿ ಕುಡಿಸುತ್ತಿದ್ದ. ಈಗ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಮೂವತ್ತೆರಡು ದಿನ ಎಣಿಸಿದ, ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದ.

ಮುಂಗಾರು ಬಲವಾಯಿತು. ಕಳೆಗೆ ಸುದ್ದಿ ಹೇಗೋ ಮುಟ್ಟಿತ್ತು. ರಂಗಮ್ಮ ಹೋದ ನಾಲ್ಕನೇ ದಿನಕ್ಕೆ ತುಂಗೆ ಹುಲ್ಲು ಸಾಲಿನಲ್ಲಿ ಚುಚ್ಚಿಕೊಂಡು ಬಂತು, ವಾರದಲ್ಲಿ ಗರಿಕೆ ಬದುವಿನಿಂದ ಇಳಿದು ಬಂತು, ಹತ್ತನೇ ದಿನಕ್ಕೆ ಕಾಂಗ್ರೆಸ್ ಗಿಡ ಯಜಮಾನನ ಹಾಗೆ ನಡುಹೊಲದಲ್ಲಿ ನಿಂತುಕೊಂಡಿತು. ಸಣ್ಣಸ್ವಾಮಿ ಆಳು ಹುಡುಕಿಕೊಂಡು ಮೇಸ್ತ್ರಿ ಮಾರಿಯ ಬಳಿ ಹೋದ. ತೋಟದ ಕೂಲಿಯವರ ಲೈನುಮನೆಗಳಲ್ಲಿ ಇಪ್ಪತ್ತು ಹೆಂಗಸರಿದ್ದರು. ಮಾರಿ ಬಾಗಿಲು ಅರ್ಧ ತೆರೆದು, "ಬೇಡ ಸಾಮಿ. ಸ್ವಂತ ಅತ್ತೇನೇ ಹುಲ್ಲಲ್ಲಿ ಮುಚ್ಚೋರು ನೀವು. ಇವರು ಯಾರ ಮನೆ ಮಕ್ಕಳೋ" ಎಂದು ಬಾಗಿಲು ಹಾಕಿಕೊಂಡ.

ಕೊನೆಗೆ ತಾನೇ ಬಗ್ಗಿದ. ಜೀವಮಾನದಲ್ಲಿ ಮೊದಲ ಬಾರಿಗೆ ಮೂರು ದಿನ, ಮಳೆಯಲ್ಲಿ, ಬೆಳಗಿನಿಂದ ಸಂಜೆಯವರೆಗೆ ಕಿತ್ತ. ಸೊಂಟ ಹಿಡಿದುಕೊಂಡಿತು, ಬೆರಳು ಸೀಳಿತು. ಆದರೂ ಮೂರನೇ ಸಂಜೆ ಕಾಲು ಎಕರೆ ಅಚ್ಚುಕಟ್ಟಾಗಿ ಕಂಡಾಗ ಕಣ್ಣು ತುಂಬಿ ಬಂತು, ಹೆಂಡತಿಯನ್ನು ಕರೆದು ತೋರಿಸಿದ. ಪ್ರೇಮಾವತಿ ಸಾಲಿನ ಉದ್ದಕ್ಕೂ ನಡೆದು ನೋಡಿದಳು. ಹತ್ತಿಯ ಎಲೆ ಹಾಗೆಯೇ ಕಾಣುವ ತುತ್ತಿ ಎಂಬ ಕಳೆಗಿಡವೊಂದಿದೆ. ಸಣ್ಣಸ್ವಾಮಿ ಅದನ್ನು ಒಂದೂ ಬಿಡದೆ ಉಳಿಸಿ, ಬುಡಕ್ಕೆ ಮಣ್ಣು ಏರಿಸಿದ್ದ. ಕಿತ್ತು ಬದುವಿನ ಮೇಲೆ ಹಾಕಿದ್ದ ರಾಶಿಯಲ್ಲಿ ಅಲಸಂದೆಯೂ ಹತ್ತಿಯೂ ಬಾಡುತ್ತಿದ್ದವು. ಹದಿನೈದು ದಿನದಿಂದ ಮಾತು ಬಿಟ್ಟಿದ್ದ ಪ್ರೇಮಾವತಿ ಆಗಲೂ ಮಾತಾಡಲಿಲ್ಲ. ಬಾಡಿದ ಹತ್ತಿ ಗಿಡವೊಂದನ್ನು ಅವನ ಕೈಗೆ ಕೊಟ್ಟು ಮನೆಗೆ ಹೋದಳು.

ಆವತ್ತು ಸಣ್ಣಸ್ವಾಮಿ ಸೋತ. ಪರಿಸರ ಹಾಳಾಗಿ ಹೋಗಲಿ ಎಂದುಕೊಂಡು ಬೆಳಿಗ್ಗೆ ಬಸ್ಸು ಹತ್ತಿ ಕುಶಾಲನಗರಕ್ಕೆ ಹೋಗಿ, ಭವಿತನ ಔಷಧಿ ಅಂಗಡಿಯ ಮುಂದೆ ನಿಂತ. ಅಂಗಡಿಯಲ್ಲಿ ನಾಲ್ಕೈದು ಜನ ರೈತರಿದ್ದರು.

"ಭವಿತ್, ಒಂದ್ ಲೀಟ್ರು ಔಸ್ದಿ ಕೊಡಪ್ಪ. ಸ್ಟ್ರಾಂಗಾಗಿರೋದು."

"ಯಾವುದಕ್ಕಣ್ಣ?" ಎಂದು ಭವಿತ್ ಬಗ್ಗಿ ಡಬ್ಬ ಹುಡುಕುತ್ತ ಕೇಳಿದ.

"ಅತ್ತಿಗೆ."

ಅಂಗಡಿ ಸ್ತಬ್ಧವಾಯಿತು. ಭವಿತ್ ನಿಧಾನವಾಗಿ ಎದ್ದು ಮುಖ ನೋಡಿದ, ಗುರುತು ಹಿಡಿದ, ಡಬ್ಬವನ್ನು ಮತ್ತೆ ಒಳಗಿಟ್ಟ. "ಅಣ್ಣ, ತಪ್ಪು ತಿಳ್ಕೋಬೇಡಿ. ನಿಮಗೆ ಕೊಡಬೇಕಾದ್ರೆ ನಿಮ್ಮ ಅತ್ತೇನೇ ಬಂದು ಕೇಳ್ಬೇಕು."

ಸಣ್ಣಸ್ವಾಮಿ ಚೀಲ ಮಡಚಿಕೊಂಡು ಬಸ್ ನಿಲ್ದಾಣಕ್ಕೆ ಬಂದ. ವಿಷವಿಲ್ಲದ ಕೃಷಿಯನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ರೈತ ಆ ವರ್ಷ ಜಿಲ್ಲೆಯಲ್ಲಿ ಮತ್ತೊಬ್ಬನಿರಲಿಲ್ಲ.

ಅರವತ್ತನೇ ದಿನ ವ್ಯಾನು ಬಂತು. ರಶ್ಮಿತಾ ಮೇಡಂ, ಶಾಲು, ಪೇಟ, ಫಲಕ, ಬಳಗದ ಹನ್ನೆರಡು ಮಂದಿ ಸದಸ್ಯರು. ಅವರಲ್ಲಿ ಬೆಳ್ಳಿಯಪ್ಪನೂ ಇದ್ದರು. ಅವರು ಬಂದದ್ದು ಹೊಲ ನೋಡಲಲ್ಲ, ಅತ್ತೆ ಬದುಕಿದ್ದಾಳೋ ಎಂದು ನೋಡಲು. ಎಲ್ಲರೂ ಬದುವಿನ ಮೇಲೆ ಸಾಲಾಗಿ ನಿಂತರು. ಎದುರಿಗೆ ಎದೆಮಟ್ಟದ ಹಸಿರು ಗಾಳಿಗೆ ತೂಗುತ್ತಿತ್ತು.

"ಬೆಳೆ ಎಲ್ಲಿ?" ಎಂದಳು ರಶ್ಮಿತಾ.

ಸಣ್ಣಸ್ವಾಮಿ ಕಳೆಯೊಳಗೆ ಇಳಿದು ಬಗ್ಗಿದ. ಸ್ವಲ್ಪ ಹೊತ್ತು ಅವನ ತಲೆಯೂ ಕಾಣಲಿಲ್ಲ. ಆಮೇಲೆ ಆಳದಲ್ಲೆಲ್ಲೋ ಹಳದಿ ಬಿದ್ದು ಸೊರಗಿದ್ದ ಗಿಡವೊಂದನ್ನು ಎರಡೂ ಕೈಯಲ್ಲಿ ಬಿಡಿಸಿ ತೋರಿಸಿ, "ಇದೇ ಮೇಡಂ, ಅತ್ತಿ" ಎಂದ.

ಬೆಳ್ಳಿಯಪ್ಪ ಮುಂದೆ ಬಂದು ಬಗ್ಗಿ ನೋಡಿದರು. "ಇದು ಹತ್ತಿ ಗಿಡ ಅಲ್ವಾ?" ಎಂದರು. ಆಮೇಲೆ, "ಅಯ್ಯೋ, ಹತ್ತಿ! ಹತ್ತಿಗಾ ಮಾರಾಯ್ರೆ ನೀವು ವಿಷ ಹೊಡೆದದ್ದು!" ಎಂದು ತಲೆಯ ಮೇಲೆ ಕೈ ಹೊತ್ತರು. ಒಬ್ಬೊಬ್ಬರಿಗೇ ವಿಷಯ ಹೊಳೆಯಿತು. ನಕ್ಕರು, ಕೈ ಹಿಡಿದು ಕ್ಷಮೆ ಕೇಳಿದರು. ತಿಂಗಳಿಗೂ ಮೀರಿದ ಕಳಂಕ ಐದು ನಿಮಿಷದಲ್ಲಿ ತೊಳೆದುಹೋಯಿತು. ಸಣ್ಣಸ್ವಾಮಿಗೆ ಅದರಿಂದ ಆದ ಪ್ರಯೋಜನ ಏನೂ ಇರಲಿಲ್ಲ. ಹತ್ತಿ ಹೋಗಿತ್ತು.

ಹಾಗೇ ಹೊರಡುವುದು ಚೆನ್ನಾಗಿರುವುದಿಲ್ಲವೆಂದು ರಶ್ಮಿತಾ ವರದಿಗೆ ಪೆನ್ನು ತೆಗೆದಳು. "ಪದ್ಧತಿ ಒಳ್ಳೆಯದೇ ಇತ್ತು ಅಂತ ಕಾಣುತ್ತೆ. ಅಲಸಂದೆ, ಹುಲ್ಲಿನ ಹೊದಿಕೆ, ಎಲ್ಲದರ ಗುರುತಿದೆ. ನಿಮಗೆ ಇದನ್ನು ಹೇಳಿಕೊಟ್ಟವರು ಯಾರು?"

ಸಣ್ಣಸ್ವಾಮಿ ಹೊಂಗೆ ಮರದ ಕಡೆ ನೋಡಿದ, ಕೊಳೆತುಹೋಗಿದ್ದ ಹುಲ್ಲಿನ ಗುಡ್ಡೆಯ ಕಡೆ ನೋಡಿದ. "ಅತ್ತೆ" ಎಂದ.

"ಹತ್ತಿ, ಗೊತ್ತಾಯ್ತು. ಹೇಳಿಕೊಟ್ಟವರು?"

"ಅತ್ತೆ ಮೇಡಂ. ನಮ್ಮತ್ತೆ!"

"ಹೌದು ಹೌದು, ನಿಮ್ಮ ಹತ್ತೀನೇ" ಎಂದು ಬೆಳ್ಳಿಯಪ್ಪ ಅವನ ಬೆನ್ನು ತಟ್ಟಿದರು. "ಈಗ ನಮಗೆಲ್ಲ ಅರ್ಥ ಆಯ್ತು. ನೀವು ಬೇಜಾರು ಮಾಡ್ಬೇಡಿ."

ರಶ್ಮಿತಾ ಆ ಜಾಗದಲ್ಲಿ 'ಸ್ವಂತ ಅನುಭವ' ಎಂದು ಬರೆದುಕೊಂಡಳು. ಶಾಲು, ಪೇಟ ವ್ಯಾನಿನಲ್ಲೇ ವಾಪಸು ಹೋದವು.

ವ್ಯಾನು ಮರೆಯಾದ ಮೇಲೆ ಪ್ರೇಮಾವತಿ ಬಾಗಿಲಿಗೆ ಬಂದು ತಿಂಗಳ ಮೇಲೆ ಮೊದಲ ಮಾತಾಡಿದಳು. "ಓಗಿ ಅವ್ವನ್ನ ಕರ್ಕೊಂಡ್ ಬನ್ನಿ."

ಮಾರನೆಯ ದಿನ ಅವನು ಕೋಟೆ ತಲುಪಿದಾಗ ಇಳಿಹೊತ್ತು. ಮಹೇಶನ ಎರಡೂವರೆ ಎಕರೆ ಹತ್ತಿ ಕಪ್ಪು ಮಣ್ಣಿನಲ್ಲಿ ಸೊಂಟದುದ್ದ ನಿಂತಿತ್ತು, ಸಾಲಿನ ನಡುವೆ ಹುಲ್ಲು ಚಾಪೆಯ ಹಾಗೆ ಹಾಸಿತ್ತು, ಒಂದು ಗರಿಕೆ ಹುಡುಕಿದರೂ ಸಿಗುವಂತಿರಲಿಲ್ಲ. ಹೊಲದ ಕೊನೆಗೆ ತಡವಾಗಿ ಬಿತ್ತಿದ ನಾಲ್ಕು ಸಾಲುಗಳಲ್ಲಿ ರಂಗಮ್ಮ ಬಗ್ಗಿದ್ದಳು. ತಲೆಯೆತ್ತದೆ, "ಬಂದ್ಯಾ" ಎಂದಳು.

"ಅತ್ತೆ, ನಾನಂದಿದ್ದು ನಿಮಗಲ್ಲ. ಅತ್ತಿಗೆ. ನಿಮ್ಗೆ ತಪ್ಪು ತಿಳೀತು."

"ನಂಗ್ಯಾಕೆ ತಪ್ಪು ತಿಳೀತದೆ? ಮೊದ್ಲ ಸಲ ಕೇಳ್ದಾಗ್ಲೇ ಗೊತ್ತಾಯ್ತು. ಕಳೆ ಬರ್ಬಾರ್ದು, ಅರವತ್ ದಿನ ಕಾಯ್ಬೇಕು, ಉಲ್ಲು ಮುಚ್ಬೇಕು. ಎಲ್ಲಾ ನಾನ್ ಏಳ್ಕೊಟ್ಟಿದ್ದೇ. ಒಂದಕ್ಸರ ತಪ್ಪಿಲ್ದಂಗೆ ನೀನು ಏಳಿದ್ದೆ."

"ಗೊತ್ತಿತ್ತಾ? ಮತ್ಯಾಕೆ ಅಂಗೆ ಒಂಟೋದ್ರಿ?"

ರಂಗಮ್ಮ ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ನೆಟ್ಟಗಾದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಸಣ್ಣಸ್ವಾಮಿಗೆ ಸುಲಭವಾಗುತ್ತಿತ್ತು.

"ಊರೋರೆಲ್ಲ ಅದ್ರಲ್ಲಿ ಅತ್ತೆ ಐತೆ, ಅತ್ತೆ ಐತೆ ಅಂದ್ರು. ಎಲ್ಲಾದ್ರೂ ಒಂದ್ಕಡೆ ಬತ್ತದೇನೋ ಅಂತ ಎರಡ್ ಸಲ ಆಕಿಸ್ಕೊಂಡು ಕೇಳ್ದೆ ಕಣಪ್ಪ. ಎಲ್ಲೂ ಬರ್ನಿಲ್ಲ."

ರಶ್ಮಿತಾ ಮೇಡಂಗೆ ನಿಮ್ಮ ಹೆಸರು ಹೇಳಿದೆ, ಅವರಿಗೆ ಕೇಳಿಸಲಿಲ್ಲ ಎಂದು ಸಣ್ಣಸ್ವಾಮಿ ಹೇಳಬಹುದಿತ್ತು. ಅದನ್ನು ನಂಬಲು ಯಾರಿಗೆ ಸಾಧ್ಯ? "ಬನ್ನಿ ಅತ್ತೆ, ಮನೆಗೆ ಓಗಾನ" ಎಂದಷ್ಟೇ ಎಂದ.

"ಅಲ್ಲೀ ಕಳೆ ಊವಾಗಿರ್ತದೆ ಈಗ. ಬೀಜ ಕಟ್ಟಿ ಉದುರ್ಕೊಂಡಿರ್ತದೆ. ಇನ್ ಕಿತ್ರೆ ಏನ್ ಬಂತು?" ಎಂದು ರಂಗಮ್ಮ ಮತ್ತೆ ಬಗ್ಗಿದಳು.

ಸಣ್ಣಸ್ವಾಮಿ ಪಂಚೆ ಎತ್ತಿಕಟ್ಟಿ ಪಕ್ಕದ ಸಾಲಿಗೆ ಇಳಿದು ಕೂತ. ಮುಂದೆ ಕಂಡ ಎಳೆಯ ಗಿಡವೊಂದನ್ನು ಬುಡ ಹಿಡಿದು ಬಲವಾಗಿ ಕಿತ್ತ.

"ಅದು ಅತ್ತಿ ಕಣಪ್ಪ" ಎಂದಳು ರಂಗಮ್ಮ, ಈ ಕಡೆ ತಿರುಗದೆ.

ಸಣ್ಣಸ್ವಾಮಿ ಅದನ್ನು ಅದೇ ಗುಳಿಗೆ ಮತ್ತೆ ಊರಿ, ಸುತ್ತ ಮಣ್ಣು ಒತ್ತಿ, ನಿಲ್ಲುತ್ತದೇನೋ ಎಂದು ಎರಡು ಬೆರಳಿನಲ್ಲಿ ಹಿಡಿದುಕೊಂಡು ಕೂತ.